ಜೆಸಿಬಿಗಿಂತ ಮೊದಲ ಸೈಟಿಗೆ ಬರಬೇಕಾದಾಂವ

ಹುಬ್ಬಳ್ಳಿ-ಧಾರವಾಡದಾಗ ಈಗ ಯಾವ ಕಡೆ ಹೋದ್ರೂ ಏನರ ಒಂದು ಕಟ್ಟೋ ಕೆಲಸ ನಡದ ಇರತೈತಿ, ಸೈಟಿನ್ಯಾಗ ಮೇಸ್ತ್ರಿ ಇರ್ತಾನ, ಇಂಜಿನಿಯರ್ ಬಂದು ಹೋಗ್ತಾನ, ಸಿಮೆಂಟ್ ಚೀಲದ ಲೆಕ್ಕಾ ಬರಿಯಾಕೂ ಒಬ್ಬಾಂವ ಇರ್ತಾನ, ಆದ್ರ ಗಿಡಾ, ಮಣ್ಣು, ನೀರು ಏನಾಗಾಕತ್ತಾವ ಅಂತ ನೋಡಾಂವ ಒಬ್ಬಾನೂ ಇರಂಗಿಲ್ಲ. ಜರ್ಮನಿ, ಬ್ರಿಟನ್ ಕಡೆ ದೊಡ್ಡ ಕೆಲಸಕ್ಕ ಇಂಥಾ ಪರಿಸರ ತಜ್ಞರನ್ನ ಇಡ್ತಾರ. ರಿಪೋರ್ಟ್ ಬರಿಯೋದು ಇದ್ದದ್ದ, ಖರೇ ಕೆಲಸ ಅಂದ್ರ ಜೆಸಿಬಿ ಡ್ರೈವರ್‌ಗೆ ಟೈಮಿಗೆ ಸರಿಯಾಗಿ ‘ನಿಲ್ಲಸೋ ತಮ್ಮಾ’ ಅನ್ನೋದು.

ಯಾಕಂದ್ರ ಗಿಡದ ಸಾವು ಭಾಳ ನಿಧಾನ. ಬೇರು ಪಾತಾಳಕ್ಕ ಇಳದಿರತಾವ ಅಂತ ನಾವು ತಿಳಕೊಂಡಿರತೀವಿ, ಆದ್ರ ನೀರು ಹೀರೂ ಸಣ್ಣ ಬೇರು ಬಹುತೇಕ ಮ್ಯಾಲಿನ 60 ಸೆಂಟಿಮೀಟರ್ ಮಣ್ಣಿನ್ಯಾಗ, ಟೊಂಗಿ ನೆರಳಿಗಿಂತ ಹೊರಗೂ ಹಬ್ಬಿರತಾವ. ಕೇಬಲ್ ಹಾಕಾಕ ಬಾಜೂಕ ಒಂದು ತಗ್ಗು ತೋಡಿದ್ರ ಸಾಕು, ಆ ಕಡಿ ಬೇರೆಲ್ಲಾ ಹೋದ್ವು. ಗಿಡಾ ಮಾತ್ರ ಕೂಡಿಟ್ಟ ಆಹಾರದ ಮ್ಯಾಲ ವರ್ಷ ಎರಡು ವರ್ಷ ಹಸರಾಗೇ ನಿಂತಿರತೈತಿ, ಆಮ್ಯಾಲ ತುದಿಯಿಂದ ಒಣಗತೈತಿ, ಅಷ್ಟೊತ್ತಿಗೆ ಕಂಟ್ರ್ಯಾಕ್ಟರ್ ಬಿಲ್ ಪಾಸಾಗಿ ಹೋಗಿರತೈತಿ! ಬ್ರಿಟನ್ನಿನ ಬಿಎಸ್ 5837 ಮಾನದಂಡದ ಪ್ರಕಾರ ಬೊಡ್ಡಿ ದಪ್ಪದ 12 ಪಟ್ಟು ದೂರದ ತನಕ ಸುತ್ತಲೂ ಬೇಲಿ ಹಾಕಬೇಕು, ಅಂದ್ರ 50 ಸೆಂಟಿಮೀಟರ್ ದಪ್ಪನ ಬೇವಿನ ಗಿಡಕ್ಕ 6 ಮೀಟರ್. ಬುಡದ ತನಕ ಪೇವರ್ಸ್ ಹಾಕಿ ಬಿಡೋ ನಮ್ಮೂರಾಗ ಇದನ್ನ ಹೇಳಿದ್ರ ನಗತಾರ.

ಇನ್ನ ಮಣ್ಣು. ಹುಬ್ಬಳ್ಳಿಯಿಂದ ಗದಗದ ಕಡೆ ಹೋದಂಗ ಎರಿ ಭೂಮಿ, ಹಸಿ ಇದ್ದಾಗ ಟಿಪ್ಪರ್ ಓಡಾಡಿದ್ರ ಹಿಟ್ಟು ನಾದಿದಂಗಾಗಿ ಒಳಗಿನ ಸಣ್ಣ ತೂತೆಲ್ಲಾ ಮುಚ್ಚತಾವ, ಮುಂದ ಗಾಳಿನೂ ಹೋಗಂಗಿಲ್ಲ, ನೀರೂ ಇಂಗಂಗಿಲ್ಲ. ಹಿಂಗಾಗಿ ತಜ್ಞ ಇದ್ರ ಗಾಡಿಗೆ ಒಂದ ದಾರಿ ಗುರ್ತು ಮಾಡ್ತಾನ, ಮ್ಯಾಲಿನ ಫಲವತ್ತಾದ ಮಣ್ಣು ಬ್ಯಾರೆ ತಗಸಿ ಕಡೀಕ ಹರವಾಕ ಇಡಸ್ತಾನ, ಮಳಿಗಾಲಕ್ಕಿಂತ ಮೊದಲ ಬೋಳು ಗುಡ್ಡಿ ಮುಚ್ಚಸ್ತಾನ, ಇಲ್ಲಂದ್ರ ಅದೆಲ್ಲಾ ಗಟಾರಕ್ಕ, ಅಲ್ಲಿಂದ ಉಣಕಲ್ ನಾಲಾಕ್ಕ.

ಕಾಯ್ದೆ ಇಲ್ಲಂತಿಲ್ಲ. ಕೇಂದ್ರ ಸರಕಾರದ 2006ರ ಪರಿಸರ ಪರಿಣಾಮ ಅಂದಾಜಿನ (ಇಐಎ) ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ಮತ್ತ ಅದಕ್ಕಿಂತ ದೊಡ್ಡ ಕಟ್ಟಡಕ್ಕ ಪರಿಸರ ಅನುಮತಿ ಬೇಕು, 6 ತಿಂಗಳಿಗೊಮ್ಮೆ ವರದಿನೂ ಕೊಡಬೇಕು. ಆದ್ರ ನಮ್ಮ ಮನಿ, ಸಣ್ಣ ಅಪಾರ್ಟ್‌ಮೆಂಟ್ ಇದರಾಗ ಬರಂಗೇ ಇಲ್ಲ, ಮತ್ತ 6 ತಿಂಗಳಿಗೆ ಬರೋ ಕಾಗದ ಹರದ ಬೇರು ಕೂಡಸತೈತೇನು? ದಿನಾ ಸೈಟಿನ ಮ್ಯಾಲ ನಿಲ್ಲೋ ಮನುಷ್ಯಾ ಬೇಕ್ರಿ.

ಮನಿ ಕಟ್ಟಾಕತ್ತಿದ್ರ ಮಿಕ್ಸರ್ ತೊಳದ ನೀರು ಎಲ್ಲಿ ಚೆಲ್ತಾರ ನೋಡ್ರಿ. ಅದರ ಪಿಎಚ್ ಸುಮಾರು 12, ಬೇರು ಸುಡೋವಷ್ಟು ಕ್ಷಾರ, ಅದನ್ನ ನಮ್ಮ ಮಂದಿ ಗಿಡಕ್ಕ ನೀರು ಹಾಕಿದಂಗಾತು ಅಂತ ಸೀದಾ ಬುಡಕ್ಕ ಸುರೀತಾರ.