20 ವರ್ಷದಿಂದ ತೋರಿಸುತ್ತಿರುವ ಡಾಕ್ಟರನ್ನ ಈಗ ಬದಲಾಯಿಸಬೇಕಾ?

ಪ್ರಶ್ನೆ: ನಮ್ಮ ಅಪ್ಪನಿಗೆ ಶುಗರ್, ಬಿಪಿ ಎರಡೂ ಇವೆ. ಶಹಾಬಾದಿನಲ್ಲಿ 20 ವರ್ಷದಿಂದ ಒಬ್ಬರೇ ಎಂಬಿಬಿಎಸ್ ಡಾಕ್ಟರಿಗೆ ತೋರಿಸುತ್ತಾರೆ. ಕಲಬುರಗಿಯಲ್ಲಿ ದೊಡ್ಡ ಡಾಕ್ಟರಿಗೆ ತೋರಿಸೋಣ ಅಂದರೆ "ಅವರ ಕೈಗುಣ ಚಲೋ ಅದ, ನಾ ಬಿಡಲ್ಲ" ಅಂತಾರೆ. ಏನು ಮಾಡೋದು?

ಬಿಡಿಸಬೇಡಿ. ಅಪ್ಪನ ಹಟದಲ್ಲಿ ಅರ್ಥ ಇದೆ.

ಯಾವ ಮಾತ್ರೆ ತಿಂದರೆ ಅವರಿಗೆ ಕಾಲು ಊದುತ್ತದೆ, ಮನೆಯಲ್ಲಿ ಮದುವೆ ಇದ್ದ ತಿಂಗಳು ಶುಗರ್ ಯಾಕೆ ಏರಿತು, ಅಜ್ಜನಿಗೂ ಕಿಡ್ನಿ ತೊಂದರೆ ಇತ್ತಾ, ಇದೆಲ್ಲ ಆ ಡಾಕ್ಟರಿಗೆ ಹೇಳದೇ ಗೊತ್ತಿರುತ್ತದೆ. ಹೊಸ ಕಡೆ ಹೋದರೆ ಮೊದಲಿನಿಂದ ಕತೆ ಶುರು, ಟೆಸ್ಟೂ ಶುರು. 2022ರಲ್ಲಿ ನಾರ್ವೆಯ ಒಂದು ಅಧ್ಯಯನ ಸುಮಾರು 45 ಲಕ್ಷ ಜನರ ದಾಖಲೆ ನೋಡಿತು. ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರಲ್ಲಿ, ಒಂದು ವರ್ಷದ ಪರಿಚಯ ಇದ್ದವರಿಗಿಂತ, ತುರ್ತಾಗಿ ಆಸ್ಪತ್ರೆ ಸೇರೋದು 28% ಕಡಿಮೆ, ಸಾವು 25% ಕಡಿಮೆ ಇತ್ತು. ಪರಿಚಯವೇ ಇದಕ್ಕೆಲ್ಲ ಕಾರಣ ಅಂತ ಇದರಿಂದ ಖಾತ್ರಿಯಾಗಲ್ಲ, ಆದರೆ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ.

ಒಂದು ವ್ಯತ್ಯಾಸ ಇದೆ. ಅಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಸರೂ ಒಬ್ಬ ಡಾಕ್ಟರ ಪಟ್ಟಿಯಲ್ಲಿರುತ್ತದೆ, ದಾಖಲೆ ಕಂಪ್ಯೂಟರಿನಲ್ಲಿರುತ್ತದೆ. ನಮ್ಮಲ್ಲಿ? ಡಾಕ್ಟರ ತಲೆಯಲ್ಲಿ, ಇಲ್ಲಾ ದಿಂಬಿನ ಕೆಳಗಿನ ಹರಿದ ಚೀಟಿಯಲ್ಲಿ. ಅಪ್ಪ ನಡುವೆ ಮಗಳ ಮನೆಗಂತ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಅಲ್ಲೊಬ್ಬರಿಗೆ ತೋರಿಸಿಕೊಂಡು ಬಂದು, ಹಳೇ ಡಾಕ್ಟರು ಬೇಜಾರಾಗ್ತಾರೆ ಅಂತ ಮುಚ್ಚಿಟ್ಟರೆ, ಒಂದೇ ಬಿಪಿ ಮಾತ್ರೆ ಬೇರೆ ಕಂಪನಿ ಹೆಸರಿನಲ್ಲಿ ದಿನಕ್ಕೆ ಎರಡು ಹೊಟ್ಟೆಗೆ ಹೋಗುತ್ತದೆ. ಇದು ತುಂಬಾ ಮನೆಗಳಲ್ಲಿ ಆಗುತ್ತೆ. ಹಾಗಾಗಿ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳನ್ನ ಒಂದು ಚೀಲಕ್ಕೆ ಹಾಕಿ ಹಳೇ ಡಾಕ್ಟರ ಮುಂದೆ ಸುರಿಯಿರಿ. ಬೈದರೆ ಬೈಸಿಕೊಳ್ಳಿ.

ಹಳೇ ಪರಿಚಯಕ್ಕೆ ಇನ್ನೊಂದು ಮುಖವೂ ಇದೆ. "ಹೆಂಗದೀರಿ ಕಾಕಾ" ಅಂತ ಮಾತಾಡಿಸಿ ಹಳೇ ಚೀಟಿಯನ್ನೇ ಮತ್ತೆ ಬರೆದುಕೊಡೋದು ಸುಲಭ. ಅಪ್ಪನಿಗೂ ಅಷ್ಟೇ ಬೇಕಾಗಿರುತ್ತದೆ, ಜೊತೆಗೊಂದು ಇಂಜೆಕ್ಷನ್ ಸಿಕ್ಕರೆ ಇನ್ನೂ ಖುಷಿ. ಕೇಳೋ ಕೆಲಸ ನಿಮ್ಮದು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ವರ್ಷಕ್ಕೆ ಕನಿಷ್ಠ ಎರಡು ಸಲ ಆಗಬೇಕು. ಕಣ್ಣಿನ ಪರದೆ, ಪಾದ, ಕಿಡ್ನಿ ಹೇಗಿದೆ ಅಂತ ತೋರಿಸುವ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ವರ್ಷಕ್ಕೊಮ್ಮೆ. ಆಗಿಲ್ಲ ಅಂದರೆ ಬರೆದುಕೊಡಿ ಅಂತ ನೇರ ಕೇಳಿ. ಏನಾದರೂ ಏರುಪೇರಾದಾಗ "ಕಲಬುರಗಿಗೆ ತೋರಿಸಿ ಬರ್ರಿ" ಅಂತ ಅವರೇ ಚೀಟಿ ಕೊಟ್ಟರೆ ಆ ಡಾಕ್ಟರು ಒಳ್ಳೆಯವರು ಅಂತಲೇ ನನ್ನ ಲೆಕ್ಕ. ಕೇಳಿದ್ದಕ್ಕೇ ಸಿಟ್ಟಾದರೆ ಮಾತ್ರ ಬದಲಾಯಿಸೋ ಯೋಚನೆ ಮಾಡಿ.

ಆದರೆ ಎದೆ ಹಿಂಡಿದಂತಾದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಅವರ ದವಾಖಾನೆ ತೆಗೆಯೋವರೆಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಸೀದಾ ಕಲಬುರಗಿ. ಹೃದಯಕ್ಕೆ ಅಲ್ಲಿ ಜಯದೇವ ಇದೆ. ಲಕ್ವಾ ಹೊಡೆದವರಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಳೇ ಡಾಕ್ಟರಿಗೆ ದಾರಿಯಲ್ಲೇ ಫೋನ್ ಮಾಡಿದರಾಯಿತು.