ಟ್ಯೂಬ್‌ಲೈಟ್ ಶಿಲ್ಪಕ್ಕೆ ತೆರಿಗೆ ಎಷ್ಟು?

ಟ್ಯೂಬ್‌ಲೈಟ್ ಬದಲಾಯಿಸುವ ಕೆಲಸ ನಮ್ಮಲ್ಲಿ ಬಹಳ ಜನರ ಕೈಗೇ ಗೊತ್ತು. ಸ್ಟೂಲ್ ಹತ್ತಬೇಕು, ಎರಡೂ ತುದಿ ಹಿಡಿದು ಕಾಲು ಸುತ್ತು ತಿರುಗಿಸಬೇಕು, ತುದಿ ಕಪ್ಪಗಾದ ಹಳೇ ಟ್ಯೂಬು ಕೈಗೆ ಬರುತ್ತದೆ. ಹೊಸದು ಹಾಕಿ ಸ್ವಿಚ್ ಒತ್ತಿದರೆ ಎರಡು ಸಲ ಮಿಣುಕಿ, ಚೋಕ್ ಗುಂಯ್ ಅಂದು, ಆಮೇಲೆ ಹತ್ತಿಕೊಳ್ಳುತ್ತದೆ. ತಡವಾಗಿ ಅರ್ಥ ಆಗುವವರನ್ನು 'ಟ್ಯೂಬ್‌ಲೈಟ್' ಅಂತ ರೇಗಿಸುವುದು ಇದಕ್ಕೇ ಅಲ್ವಾ.

ಇಂಥದ್ದೇ ಒಂದು ಟ್ಯೂಬನ್ನು, ಅದರ ಪಟ್ಟಿ ಸಮೇತ, 1963ರಲ್ಲಿ ನ್ಯೂಯಾರ್ಕಿನ ಕಲಾವಿದ ಡ್ಯಾನ್ ಫ್ಲಾವಿನ್ ಗೋಡೆಗೆ ಓರೆಯಾಗಿ ಹಾಕಿದ. ಎಂಟಡಿ ಉದ್ದ, ಹಳದಿ ಬೆಳಕು, 45 ಡಿಗ್ರಿ ಓರೆ. ಅಷ್ಟೇ. ಕೆತ್ತಲಿಲ್ಲ, ಬಣ್ಣ ಬಳಿಯಲಿಲ್ಲ. ಅದಕ್ಕೂ ಮುಂಚೆ ಎರಡು ವರ್ಷ ಆತ ಬಣ್ಣ ಹಚ್ಚಿದ ಚೌಕ ಪೆಟ್ಟಿಗೆಗಳಿಗೆ ಬಲ್ಬು, ಟ್ಯೂಬು ಸಿಕ್ಕಿಸುತ್ತಿದ್ದ. ಈಗ ಪೆಟ್ಟಿಗೆಯೂ ಬೇಡ ಅನ್ನಿಸಿತು. 'ಮೇ 25, 1963ರ ಓರೆಗೆರೆ' ಅಂತ ಆ ದಿನದ ತಾರೀಕನ್ನೇ ಹೆಸರಲ್ಲಿಟ್ಟು, ರೊಮೇನಿಯದ ಶಿಲ್ಪಿ ಬ್ರಾಂಕುಸಿಗೆ ಅರ್ಪಿಸಿದ. ಒಂದೇ ಆಕಾರವನ್ನು ಮತ್ತೆ ಮತ್ತೆ ಪೇರಿಸಿ ಆಕಾಶಕ್ಕೆ ಎತ್ತಿದ ಬ್ರಾಂಕುಸಿಯ 'ಕೊನೆಯಿಲ್ಲದ ಕಂಬ'ಕ್ಕೂ ತನ್ನ ಟ್ಯೂಬಿಗೂ ನಂಟಿದೆ ಅನ್ನುವುದು ಫ್ಲಾವಿನ್ ಲೆಕ್ಕ.

ಆದರೆ ಇಬ್ಬರಿಗೂ ಇನ್ನೊಂದು ನಂಟಿದೆ. ಅದು ಫ್ಲಾವಿನ್ ಸತ್ತ ಮೇಲೆ ಗಂಟು ಬಿದ್ದದ್ದು, ಅದೂ ತೆರಿಗೆ ಇಲಾಖೆಯ ಕೈಯಲ್ಲಿ.

1926ರಲ್ಲಿ ಬ್ರಾಂಕುಸಿಯ ಶಿಲ್ಪಗಳು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದವು. ಅದರಲ್ಲೊಂದು 'ಆಕಾಶದಲ್ಲಿ ಹಕ್ಕಿ'. ಕನ್ನಡಿಯ ಹಾಗೆ ಉಜ್ಜಿದ ಕಂಚು, ನಾಲ್ಕಡಿಗಿಂತ ಜಾಸ್ತಿ ಎತ್ತರ. ರೆಕ್ಕೆ ಇಲ್ಲ, ಕೊಕ್ಕಿಲ್ಲ, ಕಾಲೂ ಇಲ್ಲ. ಶಿಲ್ಪ ಆದರೆ ಸುಂಕವಿಲ್ಲ. ಕಸ್ಟಮ್ಸ್‌ನವರು ನೋಡಿ, ಇದು ಶಿಲ್ಪವೇ ಅಲ್ಲ ಅಂತ 'ಅಡುಗೆಮನೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನು' ಅನ್ನುವ ಪಟ್ಟಿಗೆ ಸೇರಿಸಿ ಶೇ 40 ಸುಂಕ ಹಾಕಿದರು. ನಗಬೇಡಿ, ಅವರದ್ದೂ ಸುಮ್ನೆ ಹಟ ಅಲ್ಲ. ಶಿಲ್ಪ ಅಂದರೆ ಮನುಷ್ಯರನ್ನೋ ಪ್ರಾಣಿಯನ್ನೋ ಇದ್ದ ಹಾಗೇ ತೋರಿಸಬೇಕು ಅಂತ ಹಿಂದಿನ ಒಂದು ತೀರ್ಪು ಹೇಳಿತ್ತು.

ವಿಷಯ ಕೋರ್ಟಿಗೆ ಹೋಯಿತು. ಕಾಡಲ್ಲಿ ಇದನ್ನು ಕಂಡರೆ ಹಕ್ಕಿ ಅಂತ ಗುಂಡು ಹೊಡೆಯುತ್ತೀರಾ ಅಂತ ಸಾಕ್ಷಿ ಕಟ್ಟೆಯಲ್ಲಿದ್ದ ಎಡ್ವರ್ಡ್ ಸ್ಟೈಕನ್‌ಗೆ ಕೇಳಿದರು. ಆತ ಫೋಟೋಗ್ರಾಫರ್, ಆ ಹಕ್ಕಿಯನ್ನು ಕೊಂಡವನೂ ಅವನೇ. ಇಲ್ಲ ಅಂದ. ಒಳ್ಳೇ ಮೆಕ್ಯಾನಿಕ್ ಒಬ್ಬ ಇದನ್ನು ಮಾಡಬಹುದಲ್ವಾ ಅನ್ನುವ ಪ್ರಶ್ನೆಯೂ ಬಂತು. ಉಜ್ಜಿ ಹೊಳೆಸಬಹುದು, ಆದರೆ ಇಂಥದ್ದೊಂದು ಅವನ ತಲೆಗೆ ಹೊಳೆಯುವುದಿಲ್ಲ ಅಂತ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಉತ್ತರ ಕೊಟ್ಟ. 1928ರಲ್ಲಿ ಹಕ್ಕಿ ಗೆದ್ದಿತು.

ಎಲೆಕ್ಟ್ರಿಷಿಯನ್ ಕೂಡ ಇದನ್ನು ಮಾಡಬಹುದಲ್ಲ ಅಂತ ಫ್ಲಾವಿನ್‌ಗೆ ಯಾರಾದರೂ ಕೇಳಿದ್ದರೆ ಆತ ಹೌದು ಅನ್ನಬೇಕಿತ್ತು. ಅವನ ಕೃತಿಗಳಿಗೆ ಟ್ಯೂಬು ಹಾಕಿ ವೈರು ಎಳೆಯುವವರು ಎಲೆಕ್ಟ್ರಿಷಿಯನ್ನರೇ. ಅಂಗಡಿಯಲ್ಲಿ ಸಿಗುವ ಎರಡು, ನಾಲ್ಕು, ಆರು, ಎಂಟಡಿ ಅಳತೆ, ಅಂಗಡಿಯಲ್ಲಿ ಸಿಗುವ ಬಣ್ಣ, ಇಷ್ಟರಲ್ಲೇ ಆತನ ಆಟ. 1964ರಿಂದ 1990ರವರೆಗೆ ರಷ್ಯಾದ ವ್ಲಾದಿಮಿರ್ ತಾತ್ಲಿನ್‌ಗೆ ಅಂತ ಬಿಳಿ ಟ್ಯೂಬುಗಳ ಸಾಲು ಸಾಲು 'ಸ್ಮಾರಕ' ಮಾಡಿದ. ಕ್ರಾಂತಿಯ ನೆನಪಿಗೆ 400 ಮೀಟರ್ ಎತ್ತರದ ಗೋಪುರ ಎಬ್ಬಿಸಬೇಕು ಅಂತ ಕನಸು ಕಂಡವನು ತಾತ್ಲಿನ್, ಮಾದರಿ ಆಯಿತು, ಗೋಪುರ ಏಳಲೇ ಇಲ್ಲ. ಫ್ಲಾವಿನ್‌ನ ಮೊದಲ ಸ್ಮಾರಕದಲ್ಲಿ ಏಳು ಟ್ಯೂಬು, ಎತ್ತರ ಎಂಟಡಿ. ಸ್ಮಾರಕ ಅನ್ನುವ ಪದವನ್ನು ಆತ ಯಾವಾಗಲೂ ಉದ್ಧರಣ ಚಿಹ್ನೆಯೊಳಗೇ ಇಡುತ್ತಿದ್ದ. ಯಾಕೆಂದರೆ ಟ್ಯೂಬಿನ ಆಯುಷ್ಯ 2,100 ಗಂಟೆ ಅಂತ ಅವನದೇ ಲೆಕ್ಕ. ದಿನಕ್ಕೆ ಎಂಟು ಗಂಟೆ ಉರಿಸಿದರೆ ಒಂಬತ್ತು ತಿಂಗಳೂ ಬರದ ಸ್ಮಾರಕ! ನನಗೆ ಈ ತಮಾಷೆ ಬಹಳ ಇಷ್ಟ.

ಹಾಗಾದರೆ ಕೊಂಡವರಿಗೆ ಸಿಕ್ಕಿದ್ದೇನು? ನಕ್ಷೆ ಬರೆದು ಸಹಿ ಹಾಕಿದ ಒಂದು ಪ್ರಮಾಣಪತ್ರ. ಟ್ಯೂಬು ಸುಟ್ಟರೆ ಬೇರೆ ಹಾಕಿಕೊಳ್ಳಬಹುದು, ಕಾಗದ ಕಳೆದರೆ ಕಥೆ ಮುಗಿಯಿತು.

ಫ್ಲಾವಿನ್ 1996ರಲ್ಲಿ ತೀರಿಕೊಂಡ. ಅದಾಗಿ ಹತ್ತು ವರ್ಷಕ್ಕೆ ಲಂಡನ್ನಿನ ಹಾಂಚ್ ಆಫ್ ವೆನಿಸನ್ ಗ್ಯಾಲರಿ ಅವನ ಕೃತಿಯನ್ನು ಬ್ರಿಟನ್ನಿಗೆ ತರಿಸಿತು. ಬಂದದ್ದು ಬಿಡಿಬಿಡಿಯಾಗಿ, ಪೆಟ್ಟಿಗೆಯಲ್ಲಿ. ಶಿಲ್ಪಕ್ಕೆ ಶೇ 5 ತೆರಿಗೆ, ಬೇರೆ ಸಾಮಾನಿಗೆ ಪೂರ್ತಿ ತೆರಿಗೆ. ಕಸ್ಟಮ್ಸ್‌ನವರು ಇದು ದೀಪದ ಸಾಮಾನು ಅಂದರು. 2008ರಲ್ಲಿ ನ್ಯಾಯಮಂಡಳಿ ಗ್ಯಾಲರಿಯ ಪರ ನಿಂತಿತು. ಆದರೆ 2010ರಲ್ಲಿ, ಬ್ರಿಟನ್ ಆಗಿನ್ನೂ ಸೇರಿದ್ದ ಯುರೋಪಿಯನ್ ಒಕ್ಕೂಟದ ಕಮಿಷನ್ ಮಧ್ಯೆ ಬಂದು, ದೀಪದ ಸಾಮಾನಿನ ಪಟ್ಟಿಗೇ ಸೇರಿಸಿ ನಿಯಮ ಹೊರಡಿಸಿತು. ಕಲೆ ಇರುವುದು ಬೆಳಕಿನ ಪರಿಣಾಮದಲ್ಲಿ, ಈ ಸಲಕರಣೆಯಲ್ಲಿ ಅಲ್ಲ ಅನ್ನುವುದು ಅವರ ವಾದ. ಗರ್ಭಗುಡಿಯಲ್ಲಿದ್ದರೆ ದೇವರು, ಲಾರಿಯಲ್ಲಿದ್ದರೆ ಕಲ್ಲು ಅಂದ ಹಾಗೆ. ಕಲಾಲೋಕ ಬೈದು ನಕ್ಕಿತು. ನನಗೆ ಮಾತ್ರ ಆ ಅಧಿಕಾರಿಗಳು ಅಷ್ಟೇನೂ ದಡ್ಡರಾಗಿ ಕಾಣುವುದಿಲ್ಲ. ತನ್ನ ಕೆಲಸವನ್ನು ಶಿಲ್ಪ ಅಂತ ಕರೆಯಲು ಫ್ಲಾವಿನ್‌ಗೇ ಮನಸ್ಸಿರಲಿಲ್ಲ.

ಈಗ ತಕರಾರು ಬೇರೆ ಕಡೆ ಹೊರಳಿದೆ. ಟ್ಯೂಬಿನೊಳಗೆ ಪಾದರಸ ಇದೆ ಅಂತ ಅದರ ತಯಾರಿಕೆಯನ್ನೇ ದೇಶ ದೇಶಗಳು ನಿಲ್ಲಿಸುತ್ತಿವೆ. ಯುರೋಪಿನಲ್ಲಿ 2023ರಲ್ಲೇ ಹೆಚ್ಚಿನವು ಮಾರುಕಟ್ಟೆ ಬಿಟ್ಟವು. ನಮ್ಮ ಮನೆಗಳಲ್ಲೂ ಚೋಕಿನ ಸದ್ದು ಹೋಗಿ ಎಲ್‌ಇಡಿ ಪಟ್ಟಿ ಬಂದಾಯಿತು. ಯಾವ ಅಂಗಡಿಯಲ್ಲಾದರೂ ಸಿಗುತ್ತದೆ ಅಂತ ಫ್ಲಾವಿನ್ ಆರಿಸಿಕೊಂಡ ಸಾಮಾನನ್ನು ಮ್ಯೂಸಿಯಂಗಳು ಈಗ ಗೋದಾಮಿನಲ್ಲಿ ಕೂಡಿಡುತ್ತಿವೆ.