ಹಾರುವವರನ್ನು ಬಿಟ್ಟು ಬೇರೆ ಕಾಮಿಕ್ಸೇ ಇಲ್ಲವೇ?

ಪ್ರಶ್ನೆ: ಕಾಮಿಕ್ಸ್ ಅಂದರೆ ಒಂದೋ ಸೂಪರ್‌ಹೀರೋ, ಇಲ್ಲವೇ ಪುರಾಣ. ಪ್ರೀತಿ, ಪತ್ತೇದಾರಿ, ಮನೆಮಂದಿಯ ತಮಾಷೆ, ಆಟ, ಅಡುಗೆ ಇವೆಲ್ಲ ಯಾಕೆ ಬರುವುದಿಲ್ಲ?

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ನಾನು ಟ್ರಂಕು ತೆರೆದು ಮಕ್ಕಳು ಓದಲೆಂದು ಕಾಮಿಕ್ಸ್ ಪುಸ್ತಕ ಹರಡಿದರೆ ಸಾಕು, ಮಕ್ಕಳನ್ನು ಕರೆತಂದ ಅಪ್ಪ-ಅಮ್ಮಂದಿರಲ್ಲಿ ಒಬ್ಬರಾದರೂ ಇದನ್ನು ಕೇಳುತ್ತಾರೆ. ಮೊನ್ನೆ ಒಬ್ಬರು ಲೋಕಲ್‌ನಲ್ಲಿ ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಮುಲುಂಡ್ ಬಂತೆಂದು ಇಳಿದೇ ಹೋದರು. ಅದಕ್ಕೇ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದೇ ಉತ್ತರ.

ಚುಟುಕಾಗಿ ಹೇಳುವುದಾದರೆ, ಬೇರೆ ದೇಶಗಳಲ್ಲಿ ಧಾರಾಳ ಬರುತ್ತವೆ, ನಮ್ಮಲ್ಲಿ ದುಡ್ಡು ಹಾಕುವವರಿಲ್ಲ. ಅಷ್ಟೇ ಆಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಕೇಳಿದವರು ಕೊನೆಗೊಂದು ಬಾಲ ಅಂಟಿಸುತ್ತಾರೆ: "ಜನಕ್ಕೆ ಬೇಕಾದ್ದೂ ಅದೇ ಬಿಡಿ, ಬೇರೆಯದು ಓಡೋದಿಲ್ಲ." ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ನನ್ನನ್ನು ಯಾಕೆ ನಿಲ್ಲಿಸಿದರೋ! ಈ ಬಾಲ ಹಿಡಿದೇ ಸ್ವಲ್ಪ ಎಳೆಯುತ್ತೇನೆ.

ಸೂಪರ್‌ಹೀರೋಗಳ ತವರಾದ ಅಮೆರಿಕಕ್ಕೇ ಹೋಗೋಣ. ಎರಡನೇ ಮಹಾಯುದ್ಧ ಮುಗಿದದ್ದೇ ತಡ, ಅಲ್ಲಿ ಸೂಪರ್‌ಹೀರೋಗಳ ಬಾಜಾರು ಬಿತ್ತು. ಜನ ಕೊಳ್ಳುತ್ತಿದ್ದದ್ದು ಕ್ರೈಂ, ಕೌಬಾಯ್, ಭೂತಪ್ರೇತ, ಯುದ್ಧ ಮತ್ತು ಪ್ರೀತಿಯ ಕಥೆಗಳನ್ನು. ಕ್ಯಾಪ್ಟನ್ ಅಮೆರಿಕಾ ಎಂಬ ಸೂಪರ್‌ಹೀರೋನನ್ನು ಹುಟ್ಟಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಜೋಡಿಯೇ 1947ರಲ್ಲಿ 'ಯಂಗ್ ರೊಮ್ಯಾನ್ಸ್' ಎಂಬ ಪ್ರೇಮಕಥೆಗಳ ಕಾಮಿಕ್ಸ್ ಶುರುಮಾಡಿತು. ಇದು ದೊಡ್ಡವರಿಗೆ ಎಂದು ಮುಖಪುಟದ ಮೇಲೇ ಅಚ್ಚು ಹಾಕಿದ್ದರು. ಅದು ಓಡಿದ ಓಟ ನೋಡಿ ಉಳಿದ ಪ್ರಕಾಶಕರೂ ಸಾಲುಗಟ್ಟಿ ಪ್ರೇಮಕಥೆಗೆ ಇಳಿದರು.

ಕ್ಯಾಪ್ಟನ್ ಅಮೆರಿಕಾನ ಸ್ವಂತ ಪುಸ್ತಕದ ಗತಿ ಕೇಳಿ. 1949ರಲ್ಲಿ ಅದರ ಹೆಸರನ್ನೇ 'ಕ್ಯಾಪ್ಟನ್ ಅಮೆರಿಕಾಸ್ ವಿಯರ್ಡ್ ಟೇಲ್ಸ್' ಎಂದು ಬದಲಿಸಿ ದೆವ್ವದ ಕಥೆ ತುಂಬಿದರು. ಮರುವರ್ಷದ 75ನೇ ಸಂಚಿಕೆಯಲ್ಲಂತೂ ಕ್ಯಾಪ್ಟನ್ ಅಮೆರಿಕಾ ಇಲ್ಲವೇ ಇಲ್ಲ! ಮಂಟಪದ ಬಾಗಿಲಲ್ಲಿ ಮದುಮಗನ ಹೆಸರಿದೆ, ಹಸೆಮಣೆ ಮೇಲೆ ಆಸಾಮಿ ನಾಪತ್ತೆ. 1951ರಲ್ಲಿ 'ಆಲ್ ಸ್ಟಾರ್ ಕಾಮಿಕ್ಸ್' ತನ್ನ ಸೂಪರ್‌ಹೀರೋ ತಂಡವನ್ನೇ ಹೊರಗೆ ಹಾಕಿ, 'ಆಲ್ ಸ್ಟಾರ್ ವೆಸ್ಟರ್ನ್' ಎಂದು ಹೆಸರು ತಿದ್ದಿಕೊಂಡು ಕುದುರೆ ಸವಾರರನ್ನು ಕೂರಿಸಿಕೊಂಡಿತು. ಜನಕ್ಕೆ ಬೇಕಾದ್ದು ಅದೊಂದೇ ಅನ್ನುವವರು ಇದಕ್ಕೇನು ಹೇಳುತ್ತಾರೋ.

ಮತ್ತೆ ಹಾರುವವರು ಹೇಗೆ ಗೆದ್ದರು? 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ, ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಿದ್ದಾರೆ ಎಂದು ಪುಸ್ತಕ ಬರೆದ. ಅದೇ ವರ್ಷ ಸೆನೆಟ್ಟಿನ ಉಪಸಮಿತಿ ವಿಚಾರಣೆಗೆ ಕೂತಿತು. ಸರಕಾರ ಕೈಹಾಕುವ ಮೊದಲೇ ಪ್ರಕಾಶಕರು ಬೆದರಿ ತಾವೇ ಒಂದು ಸಂಹಿತೆ ಮಾಡಿಕೊಂಡರು. 'ಹಾರರ್', 'ಟೆರರ್' ಎಂಬ ಪದ ಶೀರ್ಷಿಕೆಯಲ್ಲಿ ಇರಕೂಡದು, ರಕ್ತಪಿಶಾಚಿ, ನಡೆದಾಡುವ ಹೆಣ ನಿಷಿದ್ಧ, ಒಳ್ಳೆಯವನೇ ಗೆಲ್ಲಬೇಕು, ಪೊಲೀಸರನ್ನು, ನ್ಯಾಯಾಧೀಶರನ್ನು ಹೀನಾಯವಾಗಿ ತೋರಿಸಬಾರದು. ಮುಖಪುಟದಲ್ಲಿ ಸಂಹಿತೆಯ ಮುದ್ರೆ ಇಲ್ಲದಿದ್ದರೆ ಸಗಟು ವಿತರಕರು ಕಟ್ಟನ್ನೇ ಬಿಚ್ಚುತ್ತಿರಲಿಲ್ಲ. ಹಾರರ್ ಸತ್ತಿತು, ಕ್ರೈಂ ಸತ್ತಿತು, ಪ್ರೇಮಕಥೆ ಹಲ್ಲು ಕಿತ್ತ ಹಾವಾಯಿತು. ಟಿವಿಯೂ ತನ್ನ ಪಾಲು ತಿಂದಿತು, ಒಪ್ಪುತ್ತೇನೆ. ಆ ಖಾಲಿ ಅಂಗಳಕ್ಕೆ 1956ರಲ್ಲಿ ಫ್ಲ್ಯಾಶ್ ಎಂಬ ಹಳೆಯ ಸೂಪರ್‌ಹೀರೋ ಹೊಸ ವೇಷ ಕಟ್ಟಿಕೊಂಡು ಬಂದ. ಎದುರಾಳಿಗಳನ್ನೆಲ್ಲ ಮೈದಾನದಿಂದ ಹೊರಗೆ ಹಾಕಿ ಆಡಿಸಿದ ಪಂದ್ಯ ಅದು. ನಮ್ಮ ಹೋಟೆಲ್ ಭಾಷೆಯಲ್ಲಿ ಹೇಳಬೇಕೆಂದರೆ, ದೋಸೆ ಕಾವಲಿ, ವಡೆ ಬಾಣಲೆ ಎಲ್ಲ ಅಟ್ಟಕ್ಕೆ ಹಾಕಿ, "ಗಿರಾಕಿ ಇಡ್ಲಿಯನ್ನೇ ಕೇಳ್ತಾರೆ" ಎಂದ ಯಜಮಾನರ ಕಥೆ.

ಇಂಥ ಕತ್ತರಿ ಬೀಳದ ಜಪಾನಿನಲ್ಲಿ ಅಡುಗೆಯ ಬಗ್ಗೆಯೇ 1983ರಲ್ಲಿ ಶುರುವಾದ 'ಓಯಿಶಿಂಬೊ' 100ಕ್ಕೂ ಹೆಚ್ಚು ಸಂಪುಟ ಓಡಿದೆ. ರುಚಿಯ ವಿಷಯಕ್ಕೆ ಅಪ್ಪ-ಮಗನ ಜಗಳ, ಅಷ್ಟೇ ಅದರ ಬಂಡವಾಳ. ಇಟಲಿಯಲ್ಲಿ 1948ರ ಕೌಬಾಯ್ ಟೆಕ್ಸ್ ಇನ್ನೂ ಕುದುರೆಯಿಂದ ಇಳಿದಿಲ್ಲ.

"ಅದೆಲ್ಲ ಅಲ್ಲಿಯದು, ನಮ್ಮ ಕಥೆ ಹೇಳಿ" ಅನ್ನುತ್ತೀರಿ, ಗೊತ್ತು. 1964ರಲ್ಲಿ ಇದೇ ಮುಂಬಯಿಯಿಂದ ಟೈಮ್ಸ್ ಆಫ್ ಇಂಡಿಯಾದವರು ಹೊರಡಿಸಿದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು. ಅದರ ರಾಜ ಫ್ಯಾಂಟಮ್‌ಗೆ ಯಾವ ದಿವ್ಯಶಕ್ತಿ ಇತ್ತು? ಹಾರುತ್ತಿದ್ದನೇ? ಒಂದು ಕುದುರೆ, ಒಂದು ತೋಳ, ಗುದ್ದಿದರೆ ತಲೆಬುರುಡೆ ಗುರುತು ಬೀಳುವ ಒಂದು ಉಂಗುರ. ಅದು ಅಪ್ಪಟ ಕಾಡಿನ ಸಾಹಸಕಥೆ. ಆಬಿದ್ ಸುರ್ತಿಯವರು ಸೃಷ್ಟಿಸಿದ ಬಹಾದ್ದೂರ್ 1976ರಲ್ಲಿ ಬಂದಾಗ ತೊಟ್ಟದ್ದು ಜೀನ್ಸ್ ಮೇಲೊಂದು ಕುರ್ತಾ. ಅವನ ಎದುರಾಳಿಗಳು ಡಕಾಯಿತರು. ನಾವು ಓದಿ ಬೆಳೆದದ್ದು ಇದನ್ನು. ಈಗ ನೆನಪಿನಲ್ಲಿ ಎಲ್ಲರ ಬೆನ್ನಿಗೂ ಒಂದು ಕೇಪು ಕಟ್ಟಿ ಕೂತಿದ್ದೇವೆ.

ಪುರಾಣದ ವಿಷಯದಲ್ಲೂ ಅಷ್ಟೇ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಕೂತು ಬೆಳೆಸಿದ ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿಯಲ್ಲಿ 'ಕೃಷ್ಣ'ನ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ ಹೋದವು? ಅವು ಮೊದಲು 1965ರಲ್ಲಿ ಕನ್ನಡದಲ್ಲಿ ಬಂದವು, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಒಳಗಿದ್ದದ್ದು ಸಿಂಡ್ರೆಲಾದಂಥ ಪಶ್ಚಿಮದ ಕಿನ್ನರಕಥೆಗಳು, ಮತ್ತು ಅವು ಚೆನ್ನಾಗಿ ಮಾರಾಟವಾದವು. ಇದನ್ನು ಹೇಳುವಾಗ ನನಗೆ ಕೊಂಚ ಹೆಮ್ಮೆ. ನೀವು ಸಹಿಸಿಕೊಳ್ಳಬೇಕು.

ನನಗೆ ಯಾವುದು ಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ: ಹೋಟೆಲ್ ಕಾಮಿಕ್ಸ್. ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದ ಹುಡುಗ ಹಗಲೆಲ್ಲ ಕಪ್ಪು-ಬಸಿ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂರುತ್ತಾನಲ್ಲ, ಅವನ ಕಥೆ. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳು ಪೆನ್ಸಿಲ್ ಹಿಡಿದಿರುವ ಒಂದು ಚೌಕ. ಪಕ್ಕದ ಚೌಕದಲ್ಲಿ ಕಪ್ಪುಹಲಗೆ. ಅದರ ಪಕ್ಕದಲ್ಲಿ ಅವನ ತೂಕಡಿಕೆ. ಒಂದು ಮಾತೂ ಬೇಡ. ಇದನ್ನು ಸಿನಿಮಾ ಮಾಡಲು ಕೋಟಿ ಬೇಕು, ಕಾಮಿಕ್ಸಿಗೆ ಒಬ್ಬ ಚಿತ್ರಗಾರನಿಗೆ ಆರು ತಿಂಗಳ ಅನ್ನ ಸಾಕು.

ಮಾತು ಅಂದಾಗ ನೆನಪಾಯಿತು. ಕನ್ನಡಕ್ಕೆ ತಂದ ಕಾಮಿಕ್ಸ್‌ನಲ್ಲಿ ಗುದ್ದಾಟದ ಪುಟ ಚೆನ್ನಾಗಿರುತ್ತದೆ, ಮಾತುಕತೆಯ ಪುಟ ಉಸಿರುಗಟ್ಟುತ್ತದೆ. ಯಾಕೆ, ಗಮನಿಸಿದ್ದೀರಾ? ಇಂಗ್ಲಿಷ್ ಕಾಮಿಕ್ಸಿನ ಮಾತೆಲ್ಲ ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಇರುತ್ತದೆ. ಎಲ್ಲವೂ ಒಂದೇ ಎತ್ತರ, ಕೆಳಗೆ ಇಳಿಯುವ ಬಾಲವಿಲ್ಲ, ಸಾಲಿನ ಮೇಲೆ ಸಾಲು ಒತ್ತಿ ಕೂರಿಸಬಹುದು. ಮಾತು ತುಂಬುವ ಗುಳ್ಳೆ, ಅಂದರೆ ಬಲೂನು, ಬಿಡಿಸುವುದೂ ಅದೇ ಅಳತೆಗೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಸ್ತ್ರೀ' ಅಂತ ಬರೆದರೆ ಒತ್ತಿನ ಕೆಳಗೊಂದು ಒತ್ತು. ಚಿತ್ರ ಬದಲಿಸುವಂತಿಲ್ಲ, ಬಲೂನು ಹಿಗ್ಗುವುದಿಲ್ಲ. ಒಂದೋ ಅಕ್ಷರ ಇರುವೆಯಷ್ಟಾಗುತ್ತದೆ, ಇಲ್ಲವೇ ಮಾತು ಅರ್ಧವಾಗುತ್ತದೆ. 'ಧಡ್', 'ಢಮಾರ್' ಎಂಬಲ್ಲಿ ತೊಂದರೆಯಿಲ್ಲ. ಅತ್ತೆ-ಸೊಸೆ ಜಗಳ ಆಡಲು, ಹುಡುಗ ಹುಡುಗಿಗೆ ಸುತ್ತಿ ಬಳಸಿ ಒಂದು ಮಾತು ಹೇಳಲು ಜಾಗ ಬೇಕು. ಕನ್ನಡದ ಅಳತೆಗೇ ಬಲೂನು ಬಿಡಿಸಿದ ಪುಸ್ತಕ ಆದರೆ ಮಾತ್ರ ಅದು ಸಿಗುತ್ತದೆ.

ಟ್ರಂಕಿನಲ್ಲಿ ಅನುವಾದದ ಒಂದು ಪುಸ್ತಕವಿದೆ. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಮಾತಾಡುವ ಪುಟ. ಬಲೂನಿನ ಕೊನೆಯ ಸಾಲಿನ ಒತ್ತುಗಳನ್ನು ಅಚ್ಚಿನಲ್ಲಿ ಗೆರೆಯೇ ನುಂಗಿಬಿಟ್ಟಿದೆ. ಮರಾಠಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುವ ಹುಡುಗಿ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು: "ಅಮ... ಅಕ... ಬಂದಳು." ಓದಿ ನನ್ನ ಮುಖ ನೋಡಿದಳು. ಪೆನ್ನು ತೆಗೆದು ಬಲೂನಿನ ಹೊರಗೆ, ಆ ಹೆಂಗಸಿನ ಸೆರಗಿನ ಮೇಲೆಯೇ, ಒಂದು ಮ-ಒತ್ತು, ಒಂದು ಕ-ಒತ್ತು ಬರೆದುಕೊಟ್ಟೆ.